ಸಾಲಿನ ಕೊನೆಯ ಎಂಟು ಜಾಗ

ನಮ್ಮ ವಿಮಾ ಕಂಪನಿಯ ಮೇನ್‌ಫ್ರೇಮ್ ಯಂತ್ರದಲ್ಲಿ ಪ್ರೋಗ್ರಾಮಿನ ಒಂದು ಸಾಲಿಗೆ ಎಂಬತ್ತೇ ಅಕ್ಷರ. ಅದರಲ್ಲಿ ಕೊನೆಯ ಎಂಟನ್ನು ಯಂತ್ರ ಓದುವುದಿಲ್ಲ. ಖಾಲಿ ಜಾಗ ಸಿಕ್ಕರೆ ಮನುಷ್ಯರು ಬಿಡುತ್ತಾರೆಯೇ? ಸಾಲನ್ನು ತಿದ್ದಿದವರು ಅಲ್ಲಿ ತಮ್ಮ ಗುರುತನ್ನೂ ತಿಂಗಳನ್ನೂ ಬರೆದಿಡುವುದು ಜಪಾನಿನ ತೊಯಾಮಾ ಊರಿನ ನಮ್ಮ ಆಫೀಸಿನಲ್ಲಿ ನಲವತ್ತು ವರ್ಷದ ಪದ್ಧತಿ. ಆ ಎಂಟು ಜಾಗವನ್ನು ಕಸವೆಂದು ಗುಡಿಸಿ ಹಾಕಿದವಳು ನಾನು, ನೆಜು.

ಕಾರಣ ಹೊಸ ಸಲಕರಣೆ. ಹಳೇ ಹಸಿರು ಪರದೆ ಬಿಡಿ, ಜಗತ್ತೆಲ್ಲ ಪುಕ್ಕಟೆಯಾಗಿ ಬಳಸುವ ಎಡಿಟರ್ ತನ್ನಿ, ತಿದ್ದುಪಡಿಗಳ ಲೆಕ್ಕ ಇಡುವ ಗಿಟ್ ತನ್ನಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರು ಯಾರೆಂದು ಗಿಟ್ ಹೆಸರು ಸಮೇತ ಹೇಳುತ್ತದೆ. ಇನ್ನು ಹಳೇ ಗುರುತು ಯಾತಕ್ಕೆ? ಎಂಟೂ ಜಾಗ ಕತ್ತರಿಸುವ ಪುಟ್ಟ ಸ್ಕ್ರಿಪ್ಟ್ ಬರೆದು, ನನ್ನ ಜಾಣತನಕ್ಕೆ ನಾನೇ ಬೀಗಿದೆ.

"ಎಲ್ಲಾನೂ ಗಿಟ್‌ಗೆ ಸೇರಿಸೋ ಗುಂಡಿ ಅನಜಾವಾ ಅವರೇ ಒತ್ಲಿ," ಎಂದರು ನಮ್ಮ ವಿಭಾಗದ ಮುಖ್ಯಸ್ಥ ತೊಕುಮಿತ್ಸು. "ಹಿರೀರು. ನಾಲ್ಕು ಲಕ್ಷ ಸಾಲಿನ ಮೇಲೂ ಅವರ ಹೆಸರೇ ಬರುತ್ತೆ. ಗೌರವ ಅಲ್ವಾ?"

ಅನಜಾವಾ ಅರವತ್ತಕ್ಕೆ ನಿವೃತ್ತರಾಗಿ, ಪ್ರತಿ ಮಾರ್ಚ್‌ಗೆ ಮುಗಿಯುವ ವರ್ಷವರ್ಷದ ಕರಾರಿನ ಮೇಲೆ ಮತ್ತೆ ಬಂದು ಕೂತವರು. ಕರಾರು ಇರುವಷ್ಟು ದಿನ ಕಂಪನಿಯ ಎರಡು ಕೋಣೆಯ ವಸತಿ. ಅವರ ಹೆಂಡತಿ ಫುಮಿಗೆ ಕಣ್ಣು ಹೋಗಿ ಆರು ವರ್ಷ. ಆ ಎರಡು ಕೋಣೆ ಮಾತ್ರ ಆಕೆಯ ಕೈಗೆ ಗೊತ್ತು. ಅಲ್ಲಿ ತಾನೇ ಅಕ್ಕಿ ತೊಳೆಯುತ್ತಾಳೆ, ಚಹಾ ಕಾಯಿಸುತ್ತಾಳೆ. ಬೇರೆ ಮನೆಯಾದರೆ ಆಸ್ಪತ್ರೆಯ ಹಾಸಿಗೆಯೇ ಗತಿ.

"ಮಾರ್ಚ್ ದಾಟಿ ಇನ್ನೆರಡು ವರ್ಷ ಸಿಕ್ಕಿದ್ರೆ ಸಾಕು ಕಣಮ್ಮಾ, ಆಮೇಲೆ ದೇವರಿದಾನೆ," ಎನ್ನುತ್ತಿದ್ದರು ಅನಜಾವಾ.

ಗುಂಡಿ ಒತ್ತುವ ದಿನ ಮದುಮಗನ ಹಾಗೆ ಟೈ ಕಟ್ಟಿಕೊಂಡು ಬಂದರು. ಮಾರನೆಯ ದಿನ ಫುಮಿ ಕೈಯಾರೆ ಮಾಡಿದ, ಶುಭಕ್ಕೆ ಹಂಚುವ ಕೆಂಪು ಕಾಳಿನ ಅನ್ನ ತಂದರು. ನಾನು ಎರಡು ಸಲ ಹಾಕಿಸಿಕೊಂಡೆ.

ಫೆಬ್ರವರಿಯಲ್ಲಿ ಬೆಂಕಿ ಬಿತ್ತು. ನಮ್ಮಲ್ಲಿ ಶುಭವೆನ್ನುವ ಎಪ್ಪತ್ತೇಳು ತುಂಬಿದ ಪಾಲಿಸಿದಾರರಿಗೆ ಶುಭಾಶಯ ಕಳಿಸುವ ಹೊಸ ಯೋಜನೆಗೆ ಹಳೇ ಪ್ರೋಗ್ರಾಮೊಂದನ್ನು ಎತ್ತಿಕೊಂಡಿದ್ದೆವು. ಸತ್ತವರನ್ನು ಪಟ್ಟಿಯಿಂದ ಬಿಡು ಎನ್ನುವ ಸಾಲನ್ನು ಅದರಲ್ಲಿ ಯಾರೋ ಎಂದೋ ನಿಷ್ಕ್ರಿಯ ಮಾಡಿಟ್ಟಿದ್ದರು. ಆರುನೂರು ವಿಧವೆಯರ ಮನೆಗೆ, ತೀರಿಕೊಂಡ ಗಂಡನ ಹೆಸರಿಗೆ, 'ಇನ್ನೂ ನೂರ್ಕಾಲ ಬಾಳಿ' ಎಂಬ ಪತ್ರ ಹೋಯಿತು.

ಸಭೆಯಲ್ಲಿ ತೊಕುಮಿತ್ಸು ಆ ಸಾಲನ್ನು ಪರದೆಯ ಮೇಲೆ ತೋರಿಸಿದರು. ಗಿಟ್ ಹೇಳಿದ ಹೆಸರು ಅನಜಾವಾ.

"ಅದು ನಂದಲ್ಲ," ಎಂದರು ಅನಜಾವಾ. "ಅದರ ಬಲಗಡೆ ಟಿ.ಕೆ.ಎಂ. ಅಂತ ಇತ್ತು. ನಿಮ್ಮ ಗುರುತು. ಕೆಲಸಕ್ಕೆ ಸೇರಿದ ವರ್ಷ ಪರೀಕ್ಷೆಗೆ ಅಂತ ನಿಲ್ಲಿಸಿದ್ರಿ, ವಾಪಸ್ ಹಾಕೋದು ಮರೆತ್ರಿ."

"ಬಲಗಡೆನಾ? ಬಲಗಡೆ ಗೋಡೆ ಇದೆಯಲ್ಲ ಅಜ್ಜಾ!" ಎಂದರು ತೊಕುಮಿತ್ಸು. ಸಭೆಯಲ್ಲಿದ್ದ ಇಬ್ಬರು ಕಿಸಕ್ಕನೆ ನಕ್ಕರು. "ನಿನ್ನೆ ಉಂಡಿದ್ದು ನೆನಪಿರಲ್ಲ, ಮೂವತ್ತು ವರ್ಷದ್ದು ನೆನಪಿದೆಯಂತೆ. ಗಿಟ್ ಏನು ಸುಳ್ಳು ಹೇಳುತ್ತಾ?"

ಅನಜಾವಾ ನನ್ನ ಕಡೆ ತಿರುಗಿದರು. "ನೆಜು, ಕತ್ತರಿಸೋಕೆ ಮುಂಚಿನ ಪ್ರತಿ ಇಟ್ಟಿದೀಯಲ್ಲಮ್ಮಾ? ತೆಗೆದು ತೋರ್ಸು."

ಇಟ್ಟಿದ್ದೆ. ಹಿಂದಿನ ದಿನವೇ ತೆಗೆದು ನೋಡಿದ್ದೆ ಕೂಡ. ಟಿ.ಕೆ.ಎಂ. ಎಂಬುದು ಕಣ್ಣಿಗೆ ಹೊಡೆಯುವಂತಿತ್ತು. ತೊಕುಮಿತ್ಸು ನನ್ನನ್ನು ನೋಡಲಿಲ್ಲ, ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತಿದ್ದರು. ಆ ವಾರ ಬಡ್ತಿಯ ಪಟ್ಟಿಗೆ ಸಹಿ ಹಾಕುವವರು ಅವರೇ.

"ಇಲ್ಲ," ಎಂದೆ. "ಅಳಿಸಿಬಿಟ್ಟೆ."

ಹೇಳಿದ್ದು ಹನ್ನೊಂದು ಗಂಟೆಗೆ. ನನ್ನ ಜಾಗಕ್ಕೆ ಬಂದು ನಿಜವಾಗಿ ಅಳಿಸಿದ್ದು ಹನ್ನೊಂದೂವರೆಗೆ. ಥೂ, ನನ್ನ ಜನ್ಮಕ್ಕಿಷ್ಟು!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಅನಜಾವಾ ನಿರ್ದೇಶಕರ ಮುಂದೆ ಸೊಂಟ ಬಗ್ಗಿಸಿ ನಿಂತು, ತಪ್ಪು ನನ್ನದು ಎಂದು ಒಪ್ಪಿಕೊಂಡರು. ಒಪ್ಪಿಕೊಂಡರೆ ಕರಾರು ಉಳಿದೀತು ಎಂದು ತೊಕುಮಿತ್ಸು ಕಿವಿಯಲ್ಲಿ ಹೇಳಿದ್ದರಂತೆ. ಉಳಿಯಲಿಲ್ಲ. ಮಾರ್ಚ್ ಮೂವತ್ತೊಂದಕ್ಕೆ ಮನೆ ಖಾಲಿ ಮಾಡಿದರು. ಫುಮಿಯನ್ನು ಪಕ್ಕದ ಊರು ತಕಾಒಕಾದ ಆಸ್ಪತ್ರೆಗೆ ಸೇರಿಸಿದರು.

ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು, "ನಿನ್ನ ಮೇಲೆ ಸಿಟ್ಟಿಲ್ಲಮ್ಮಾ, ಅಳಿಸಿದ್ದು ನಿನಗೆ ಗೊತ್ತಾಗ್ದೆ ತಾನೆ," ಎಂದರು. ನಾನು ಹೂಂ ಎಂದೆ.

ಏಪ್ರಿಲ್‌ನಲ್ಲಿ ನನಗೆ ಬಡ್ತಿ. ಜೊತೆಗೆ ಒಂದು ಬೀಗದ ಕೈ. "ಆ ಮನೆ ಖಾಲಿ ಬಿದ್ದಿದೆ, ನೀನೇ ಇರು ಹೋಗು," ಎಂದರು ತೊಕುಮಿತ್ಸು.

ಬೇಡ ಎನ್ನಬಹುದಿತ್ತು. ಆಫೀಸಿಗೆ ಐದು ನಿಮಿಷದ ದಾರಿ, ಬಿಸಿಲು ಬೀಳುವ ಕೋಣೆ. ಹೋದೆ.

ಮನೆಯನ್ನು ಒರೆಸಿ ಲಕಲಕ ಇಟ್ಟಿದ್ದರು. ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಕಟ್ಟಿದ್ದ ಹತ್ತಿಯ ಹಗ್ಗವೊಂದನ್ನು ಮಾತ್ರ ಬಿಚ್ಚಿರಲಿಲ್ಲ. ಫುಮಿ ಕೊನೆಯ ಗಳಿಗೆಯವರೆಗೂ ಅದನ್ನೇ ಹಿಡಿದು ನಡೆದಿರಬೇಕು. ಒಲೆಯ ಹತ್ತಿರ ಒಂದು ಗಂಟು, ಬಚ್ಚಲಿಗೆ ಎರಡು, ಬಾಗಿಲಿಗೆ ಮೂರು. ಹಗ್ಗದ ಬಲತುದಿಗೆ ಒಂದು ಚೀಟಿ. ಅದರಲ್ಲಿ ಅನಜಾವಾ ಅವರ ಗುರುತು, ಕಟ್ಟಿದ ವರ್ಷ, ತಿಂಗಳು.

ಅದು ಓಡಾಡುವಾಗ ಮೈಗೆ ತಗಲುತ್ತಿತ್ತು. ಕತ್ತರಿ ತಂದು ಕತ್ತರಿಸಿ, ಚೀಟಿಯ ಸಮೇತ ಸುಡಲು ಒಯ್ಯುವ ಕಸದ ಚೀಲಕ್ಕೆ ತುಂಬಿದೆ. ಗುರುವಾರ ಗಾಡಿ ಬಂದು ಒಯ್ದಿತು.