ಹೊಗೆ ಸ್ಫಟಿಕದ ಚೀಟಿ

ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಅನ್ನುತ್ತಾರಲ್ಲ, ಆ ಗಾದೆಯನ್ನು ನಮ್ಮಣ್ಣನನ್ನು ನೋಡಿಯೇ ಕಟ್ಟಿರಬೇಕು. ಅವನದು ಕನ್ನಡಕದ ಅಂಗಡಿ. ಊರವರ ಕಣ್ಣನ್ನೆಲ್ಲ ಸರಿಮಾಡಿದವನ ಕಣ್ಣಿಗೆ ತೋರಿಸಿದ ಹೆಣ್ಣುಗಳಲ್ಲಿ ಒಬ್ಬಳೂ ಬೀಳಲಿಲ್ಲ, ಬಿದ್ದದ್ದು ಬರೀ ಕಲ್ಲು. ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಗೆ ಬಂದೆ. ನನಗೆ ಕೊಟ್ಟ ಬೀರುವಿನ ಅರ್ಧ ಹಸಿರು ಹರಳು, ಇನ್ನರ್ಧ ನೇರಳೆ ಹರಳು. ನನ್ನ ಬಟ್ಟೆ ಒಂದು ವರ್ಷ ಸೂಟ್‌ಕೇಸಿನಲ್ಲೇ ಇತ್ತು. ಆಗ ವಾರಕ್ಕೊಂದು ಜಗಳ, ಪ್ರತಿ ಜಗಳದ ಕೊನೆಗೆ “ನಾನು ಹೊರಟೆ” ಅನ್ನುವುದು ನನ್ನ ವಾಡಿಕೆ.

ಕಲ್ಲು ಕೂಡಿಡುವವರಿಗೆ ಒಂದು ನೇಮವಿದೆ. ಪ್ರತಿ ಕಲ್ಲಿನ ಜೊತೆ ಒಂದು ಚೀಟಿ ಇರಬೇಕು. ಯಾವ ಗಣಿಯದು, ಯಾರ ಕೈಯಿಂದ ಬಂತು, ಎಲ್ಲ ಅದರಲ್ಲಿ. ಮುರಿದದ್ದನ್ನು ಅಂಟಿಸಿದ್ದರೆ ಅದನ್ನೂ ಬರೆಯಬೇಕು. ಮುಚ್ಚಿಟ್ಟವನನ್ನು ಅವರು ಕಳ್ಳನಿಗಿಂತ ಕಡೆಯಾಗಿ ಕಾಣುತ್ತಾರೆ.

ಮೂರು ವರ್ಷದ ಹಿಂದೆ ನಾನು ಧೂಳು ಒರೆಸುತ್ತಿದ್ದೆ. ಅಣ್ಣನ ಪ್ರಾಣವಾದ ಹೊಗೆ ಸ್ಫಟಿಕಕ್ಕೆ ಕೈ ತಗುಲಿತು. ಹೊಗೆಬಣ್ಣದ ಮೂರು ಹರಳು ಒಂದೇ ಬುಡದಿಂದ ಎದ್ದು ನಿಂತ ಕಲ್ಲು ಅದು. ನಡುವಿನದು ಟಕ್ಕೆಂದು ಮುರಿಯಿತು. ಅಣ್ಣ ಅಂಗಡಿಯಲ್ಲಿದ್ದ. ಚಪ್ಪಲಿಗೆ ಹಚ್ಚುವ ಅಂಟು ಹಚ್ಚಿ ನಿಲ್ಲಿಸಿಬಿಟ್ಟೆ. ಗುರುತೇ ಸಿಗದ ಹಾಗೆ ಕೂತಿತು.

ಸ್ವಲ್ಪ ದಿನಕ್ಕೆ ಅವನು ಪಕ್ಕದ ಮನೆಯವರಿಗೆ ತನ್ನ ನೇರಳೆ ಬೆಳಕಿನ ಟಾರ್ಚು ತೋರಿಸುತ್ತಿದ್ದ. ಕಳ್ಳನೋಟು ಹಿಡಿಯುವಂಥದ್ದು. “ಇದರ ಬೆಳಕಲ್ಲಿ ಅಂಟು ಬೆಳ್ಳಗೆ ಹೊಳೆಯುತ್ತೆ. ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ,” ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಆಮೇಲೆ ನಾನು ಬಲು ಒಳ್ಳೆಯವಳಾದೆ. ಊಟದ ಮೇಜಿನ ಮೇಲೆ ಕಲ್ಲು ತೊಳೆದ, ತುಟಿಪಿಟಿಕ್ಕೆನ್ನಲಿಲ್ಲ. ನನ್ನ ಹಲ್ಲುಜ್ಜುವ ಬ್ರಷ್ಷಿನಲ್ಲೇ ಮಣ್ಣು ಉಜ್ಜಿದ, ಹೋಗಲಿ ಅಂದೆ.

ಈ ವರ್ಷ ಮ್ಯೂಸಿಯಮ್ಮಿನವರು ಅದೇ ಸ್ಫಟಿಕವನ್ನು ಕೇಳಿದರು. ಅವನ ಹೆಸರು ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಅಣ್ಣ ಹೊಸ ಅಂಗಿ ಹೊಲಿಸಿದ. ಮೂವತ್ತು ವರ್ಷದ ಅವನ ಮರ್ಯಾದೆ ನನ್ನ ಒಂದು ತೊಟ್ಟು ಅಂಟಿನ ಮೇಲೆ ನಿಂತಿತ್ತು. ಹೇಳಬೇಕೆಂದು ದಿನಾ ಬಾಯಿ ತೆರೆದೆ, ದಿನಾ ಬೇರೇನೋ ಹೇಳಿದೆ. ಕಡೆಗೆ ಮಾಡಿದ್ದು ಒಂದೇ ಘನಕಾರ್ಯ: ಅವನ ಟಾರ್ಚಿನ ಸೆಲ್ಲು ತೆಗೆದು ಅಕ್ಕಿ ಡಬ್ಬಿಗೆ ಹಾಕಿದೆ.

ಮ್ಯೂಸಿಯಂ ಮೇಡಂ ಬಂದರು. ನಾನು ಅಣ್ಣನ ಪಕ್ಕ ಬಿಟ್ಟು ಕದಲಲಿಲ್ಲ.

“ಅತಿಥಿಗೆ ಚಹಾ ಮಾಡ್ಬಾರದೇನೇ?” ಅಂದ ಅಣ್ಣ.

“ಆಮೇಲೆ ಮಾಡ್ತೀನಿ,” ಅಂದೆ.

ಎರಡು ಸಲ ಕೇಳಿದ, ಎರಡು ಸಲವೂ ಅದೇ ಉತ್ತರ ಕೊಟ್ಟೆ. ಅಷ್ಟರಲ್ಲಿ ಮೇಡಂ ತಮ್ಮ ಚೀಲದಿಂದ ತಮ್ಮದೇ ಟಾರ್ಚು ತೆಗೆದು, ಪರದೆ ಎಳೆಯಲು ಹೇಳಿದರು. ನಡುವಿನ ಹರಳಿನ ಬುಡದಲ್ಲಿ ಬೆಳ್ಳನೆಯ ಉಂಗುರ ಹೊಳೆಯಿತು.

“ಸರ್, ಇದು ಅಂಟಿಸಿದ್ದು. ಚೀಟಿಯಲ್ಲಿ ಬರೆದಿಲ್ಲವಲ್ಲ,” ಅಂದರು. ದನಿ ತಣ್ಣಗಿತ್ತು.

“ನಾನೇ ಅಂಟಿಸಿದ್ದು ಮೇಡಂ. ಬರೆಯೋದು ಮರೆತೆ,” ಅಂದ ಅಣ್ಣ.

ಮರೆತೆ ಅನ್ನುವುದನ್ನು ಆ ಮಂದಿ ನಂಬುವುದಿಲ್ಲ. ಮೇಡಂ ಟಾರ್ಚು ಆರಿಸಿ ಚೀಲಕ್ಕೆ ಹಾಕಿಕೊಂಡರು. ನನಗೆ ತಡೆಯಲಾಗಲಿಲ್ಲ.

“ಸುಳ್ಳು. ಮುರಿದವಳೂ ನಾನೇ, ಅಂಟಿಸಿದವಳೂ ನಾನೇ. ಇವನಿಗೆ ಗೊತ್ತೇ ಇಲ್ಲ.”

“ಗೊತ್ತಿತ್ತು,” ಅಂದ ಅಣ್ಣ, ನೆಲ ನೋಡುತ್ತ. “ಮಾರನೇ ದಿನಾನೇ ಗೊತ್ತಾಯ್ತು. ಚಪ್ಪಲಿ ಅಂಟಿನ ವಾಸನೆ ಬರ್ತಿತ್ತು.”

“ಮತ್ತೆ ಮೂರು ವರ್ಷ ಬಾಯಿ ಹೊಲಿದುಕೊಂಡಿದ್ದೆಯಾ?”

“ಹೇಳಿದ್ರೆ ಪೆಟ್ಟಿಗೆ ಕಟ್ಕೊಂಡು ಹೊರಟೇಬಿಡ್ತೀಯೇನೋ ಅಂತ ಹೆದರಿಕೆ ಆಯ್ತು ಕಣೇ. ಚೀಟಿಗೆ ಬರೆದ್ರೂ ನೀನು ಓದ್ತಿದ್ದೆ. ಇವತ್ತು ನೀನು ಚಹಾಕ್ಕೆ ಒಳಗೆ ಹೋದಾಗ ಮೇಡಂಗೆ ಮೆಲ್ಲಗೆ ಹೇಳೋಣ ಅಂತಿದ್ದೆ. ನೀನು ಜಾಗ ಬಿಟ್ರೆ ತಾನೆ?”

ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಮೇಡಂ ನಗು ತಡೆಯುತ್ತ, “ಅಂಟಿಸಿದ ಕಲ್ಲು ನಮಗೆ ಬೇಡ ಅಂತಲ್ಲ, ಮುಚ್ಚಿಟ್ಟದ್ದು ಬೇಡ. ಬರೆದುಕೊಡಿ, ಚೀಟಿ ಕಲ್ಲಿನ ಜೊತೆಗೇ ಇರುತ್ತೆ,” ಅಂದರು.

ಅಣ್ಣನ ಕೈಯಿಂದ ಪೆನ್ನು ಕಿತ್ತುಕೊಂಡು ನಾನೇ ಬರೆದೆ: ‘ನಡುವಿನ ಹರಳು ಮುರಿದವಳು, ಅಂಟಿಸಿದವಳು, ತಂಗಿ. ಇದೇ ಮನೆಯವಳು.’

ಅಣ್ಣ ಅದನ್ನು ಓದಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ.

“ಕೊನೇ ಸಾಲು ಚೀಟಿಗೆ ಬೇಕಾಗಿಲ್ಲ ಕಣೇ,” ಅಂದ.

“ಬೇಕು,” ಅಂದೆ.