ಡುಫಿಯೆಯ ಮೈಕಡಿತ

ಮಾಂಪೊಂಗ್ ಸಂತೆಯ ಹೆಂಗಸರು ಆಫ್ರಾಕೊಮಾಳನ್ನು ಟೊಮೆಟೊ ರಾಣಿ, ಅಂದರೆ ಟೊಮೆಟೊ ಮಾರುವವರೆಲ್ಲರ ಮುಖ್ಯಸ್ಥೆ, ಅಂತ ಆರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದವಳು ಡುಫಿಯೆ. ಅವರಿಬ್ಬರೂ ಚಿಕ್ಕಂದಿನ ಗೆಳತಿಯರು, ಅಕ್ಕಪಕ್ಕದಲ್ಲೇ ಟೊಮೆಟೊ ಮಾರುವವರು. ಆ ಪಟ್ಟ ಡುಫಿಯೆಗೇ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವಳೂ ಹಾಗೇ ಅಂದುಕೊಂಡಿದ್ದಳು.

ರಾಣಿಪಟ್ಟದ ಔತಣದ ದಿನ ಬೆಳಿಗ್ಗೆ ಡುಫಿಯೆ ಗೆಳತಿಯ ಮನೆಯಲ್ಲಿ ರಾಶಿ ಕೆಸುವಿನ ಗೆಡ್ಡೆ ಹೆರೆದುಕೊಟ್ಟು ಮನೆಗೆ ಬಂದಳು. ಬಂದವಳೇ ಕೈ ಕೆರೆದುಕೊಳ್ಳತೊಡಗಿದಳು. ಅವರ ಮನೆಯ ಪೊಕುವಾ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಈರುಳ್ಳಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಏನೇ ಅದು?"

"ಗೆಡ್ಡೆ ಕಡಿತ, ಅಜ್ಜಿ."

"ಹುಟ್ಟಿದಾಗಿಂದ ಹೆರೀತಿದೀಯ, ಇವತ್ತೇ ಕಡೀಬೇಕಾ? ಅಸೂಯೆಗೆ ನಮ್ಮ ಭಾಷೇಲಿ ಏನಂತೀವಿ? ಅಹೊಯಾ. ಅಹೊ ಅಂದ್ರೆ ಮೈ, ಯಾ ಅಂದ್ರೆ ನೋವು. ಹಿರಿಯರು ಸುಮ್ಮನೆ ಹೆಸರಿಟ್ರಾ?"

"ನಂಗ್ಯಾವ ಅಸೂಯೆ! ನಿನ್ನ ಮಾತಿಗೆ ಸಿಟ್ಟು ಬರ್ತಿದೆ, ಅಷ್ಟೇ."

"ಸಿಟ್ಟು ಅಂದ್ರೆ ಅಬುಫು. ಎದೇಲಿ ಕಳೆ ಬೆಳೆಯೋದು. ಕಳೆ ಬೆಳೆದೋರು ಎದೆ ಗುದ್ದಿಕೊಳ್ತಾರೆ, ನೀನು ಕೈ ಕೆರೀತಿದೀಯಲ್ಲ!"

"ಹಾಗಾದ್ರೆ ನಾಚಿಕೆ ಅಂದ್ಕೋ, ಬಿಟ್ಬಿಡು."

"ನಾಚಿಕೆ ಅನಿವು. ಕಣ್ಣು ಸಾಯೋದು. ನಿನ್ನ ಕಣ್ಣು ಸತ್ತಿಲ್ಲಮ್ಮ. ಗೆಳತಿಯ ಹೊಸ ಬಟ್ಟೆಯ ಅಂಚಿನ ತನಕ ನೋಡ್ಕೊಂಡು ಬಂದಿದೆ."

ನಾನು ನಗು ತಡೆಯಲಾರದೆ ಈರುಳ್ಳಿ ಬುಟ್ಟಿಯತ್ತ ಮುಖ ತಿರುಗಿಸಿದೆ. ಅಷ್ಟರಲ್ಲಿ ಆಫ್ರಾಕೊಮಾಳೇ ಬಂದಳು, ಎರಡೂ ಕೈ ಕೆರೆದುಕೊಳ್ಳುತ್ತ.

"ಎಂಥ ಗೆಡ್ಡೆ ತಂದ್ರೋ ಮಾರಾಯ್ತಿ! ನಮ್ಮನೇಲಿ ಎಲ್ಲರೂ ಕೈ ಕೆರ್ಕೊಂಡು ಕುಣೀತಿದಾರೆ."

"ಕೇಳಿದ್ಯಾ ಅಜ್ಜಿ?" ಅಂತ ಡುಫಿಯೆ ಗೆದ್ದವಳ ಹಾಗೆ ಎದ್ದು ನಿಂತಳು.

ಅಜ್ಜಿ ತಾಳೆ ಎಣ್ಣೆ ತಂದು ಇಬ್ಬರ ಕೈಗೂ ಸವರಿದಳು. ಆಫ್ರಾಕೊಮಾ ತಗ್ಗಿದ ದನಿಯಲ್ಲಿ ಹೇಳಿದಳು: "ಸಂಜೆ ಔತಣದಲ್ಲಿ ನನ್ನ ಪರವಾಗಿ ನೀನೇ ಮಾತಾಡೇ. ಜನ ನೋಡಿದ್ರೆ ನನ್ನ ನಾಲಿಗೆ ಏಳಲ್ಲ."

ಡುಫಿಯೆ ಕೈಯ ಎಣ್ಣೆಯನ್ನು ಮೊಣಕೈ ತನಕ ಉಜ್ಜಿಕೊಂಡಳು. "ಮೊದಲು ಒಂದು ಮಾತು ಕೇಳು. ಕೈಯ ಕಡಿತ ಗೆಡ್ಡೇದೇ. ಉಳಿದ ಮೈಯೆಲ್ಲ ಅಹೊಯಾ."

"ಗೊತ್ತಿತ್ತು ಬಿಡೇ. ಅಷ್ಟು ಜೋರಾಗಿ ನಕ್ಕಾಗಲೇ ಗೊತ್ತಾಯ್ತು. ನನ್ನನ್ನ ಬಿಟ್ಟು ನಿನ್ನನ್ನ ಆರಿಸಿದ್ದಿದ್ರೆ ನಾನು ನಿನ್ನ ಮನೆಗೆ ಗೆಡ್ಡೆ ಹೆರೆಯೋಕೂ ಬರ್ತಿರಲಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಈ ಸಲದ ನಗು ಅಷ್ಟೇನೂ ಜೋರಾಗಿರಲಿಲ್ಲ.

ಸಂಜೆ ಡುಫಿಯೆ ರಾಣಿಯ ಪರವಾಗಿ ಮಾತಾಡಿದಳು. ಎಷ್ಟು ಚೆನ್ನಾಗಿ ಅಂದರೆ, ಪಕ್ಕದೂರಿಂದ ಬಂದ ಯಾಮ್ ಗೆಡ್ಡೆಯ ವ್ಯಾಪಾರಿಗಳು ಅವಳೇ ರಾಣಿ ಅಂದುಕೊಂಡು ಅವಳ ಕೈಯನ್ನೇ ಕುಲುಕಿ ಶುಭ ಕೋರಿ ಹೋದರು. ಅವಳು ಅವರನ್ನು ತಿದ್ದುವ ಗೋಜಿಗೇ ಹೋಗಲಿಲ್ಲ. ಆಫ್ರಾಕೊಮಾ ಅದನ್ನು ನೋಡಿದಳು. ಒಂದು ಮೀನಿನ ತುಂಡನ್ನು ಡುಫಿಯೆಯ ತಟ್ಟೆಗೆ ಹಾಕಿ, ಅದಕ್ಕಿಂತ ದೊಡ್ಡದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.