ಬಿಯೋರಾ ಕೊಟ್ಟ ಭಾರದ ಉಡುಗೊರೆ

ಅನುಗು ಮಾವ ಬಾಂಬು ಎಸೆದ ಸಂಗತಿ ನಿಮ್ಮ ಕಿವಿಗೂ ಬಿದ್ದಿರಬೇಕು. ಬಲಗೈಯಲ್ಲಿ ಅಡಿಕೆ ಇತ್ತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಹಾಗಾಗಿ ಎಡಗೈಯಲ್ಲೇ ಎತ್ತಿ ಬೀಸಿದ. ಬಾಂಬು ದಂಡೆ ದಾಟಿತು, ಹವಳದ ದಿಬ್ಬ ದಾಟಿತು, ಮೋಡದಲ್ಲೊಂದು ತೂತು ಕೊರೆದು ಆಚೆಗೆ ಹೋಯಿತು. ನಮ್ಮ ಬೋಗನ್‌ವಿಲ್ ದ್ವೀಪದಲ್ಲಿ ಮಧ್ಯಾಹ್ನವಾದರೆ ಸಾಕು, ಕರೆದಂತೆ ಮಳೆ ಬರುತ್ತದಲ್ಲ, ಅದು ಬೀಳುವುದು ಆ ತೂತಿನಿಂದಲೇ. ಅದಕ್ಕೆ ಮುಂಚೆ ಇಲ್ಲಿ ಮಳೆಯೆಂಬುದೇ ಇರಲಿಲ್ಲ.

ಹೇಗಾಯಿತೆಂದು ಹೇಳುತ್ತೇನೆ. ಮಕ್ಕಳನ್ನು ಮುಂದಕ್ಕೆ ಕೂರಿಸಿ. ಕಥೆ ಅವರದು.

ನಮ್ಮ ದ್ವೀಪದ ಒಳಯುದ್ಧ ಮುಗಿದು ಗುಂಡಿನ ಸದ್ದು ನಿಂತ ಹೊಸತು. ಕಾಡಿನಲ್ಲಿ ಅಡಗಿದ್ದ ಜನ ಬೆಟ್ಟದಿಂದ ಇಳಿದು ದಂಡೆಗೆ ಬಂದಿದ್ದರು. ನಿದ್ದೆಯಲ್ಲಿ ನಡೆಯುವವರ ಹಾಗೆ ನಡೆಯುತ್ತಿದ್ದರು. ಎತ್ತರದ ದನಿಯಲ್ಲಿ ಮಾತಾಡಿದರೆ ಎಲ್ಲಿ ಎಚ್ಚರವಾಗಿಬಿಡುತ್ತದೋ ಎಂದು ಪಿಸುಗುಟ್ಟುತ್ತಿದ್ದರು. ಆ ಮೌನ ಎಷ್ಟು ದಪ್ಪವಾಗಿತ್ತೆಂದರೆ ಅದಕ್ಕೊರಗಿಕೊಂಡು ಮಲಗಬಹುದಿತ್ತು. ಅನುಗು ಮಾವ ಮಲಗಿಯೂ ಇದ್ದ, ಬೆನ್ನಿನ ಮೇಲೆ ಅದರ ಅಚ್ಚು ಬಿದ್ದಿತ್ತು.

ಮಾವನ ಅಕ್ಕ ಕ್ಲೆಮೆನ್ಸಿಯಾಳ ಮಗಳು ಬಿಯೋರಾ ಹುಟ್ಟಿದ್ದೇ ಕಾಡಿನಲ್ಲಿ. ಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು. ಸಮುದ್ರವನ್ನು ಮೊದಲ ಸಲ ಕಂಡಾಗ, ಆಕಾಶ ಕೆಳಗೆ ಬಿದ್ದು ಎದ್ದೇಳಲಾಗದೆ ಹೊರಳಾಡುತ್ತಿದೆ ಎಂದು ತಿಳಿದು ಅತ್ತಿದ್ದಳು.

ಶಾಂತಿ ಕಾಯಲು ಹೊರದೇಶಗಳಿಂದ ಸೈನಿಕರು ಬಂದದ್ದು ಆಗಲೇ. ಮೈಮೇಲೆ ಹಳದಿ ಅಂಗಿ. ಕೈಯಲ್ಲಿ ಬಂದೂಕಿಲ್ಲ, ಗಿಟಾರು. ಸೈನಿಕ ಕಂಡರೆ ಪೊದೆಗೆ ನುಗ್ಗಬೇಕು ಎಂದಷ್ಟೇ ಕಲಿತಿದ್ದ ಮಕ್ಕಳು ಪೊದೆಯಿಂದಲೇ ಹಾಡು ಕೇಳಿದರು. ಮಾರನೆಯ ದಿನ ಪೊದೆಯ ಅಂಚಿಗೆ ಬಂದರು. ಅದರ ಮರುದಿನ ಗಾಡಿಯ ಬಾನೆಟ್ಟಿನ ಮೇಲೆ ಕೂತಿದ್ದರು.

ಅವರಲ್ಲಿ ತಮತಿ ಎಂಬುವನು ನ್ಯೂಜಿಲೆಂಡಿನ ಮಾವೊರಿ ಜನದ ಹುಡುಗ. ತೆಂಗಿನ ಮರಕ್ಕಿಂತ ಒಂದು ಗೇಣು ಹೆಚ್ಚೇ ಎತ್ತರ. ನಕ್ಕರೆ ಕೊಲ್ಲಿಯ ಆಚೆ ದಡದ ನಾಯಿಗಳು ಬೊಗಳುತ್ತಿದ್ದವು. ಪಿಜಿನ್ ಎಂಬ ನಮ್ಮ ಬೆರಕೆ ಮಾತನ್ನು ಹೇಗೋ ಮುರಿದು ಮುರಿದು ಆಡುತ್ತಿದ್ದ. ಗಾಡಿಯ ಕಿಟಕಿಯಿಂದ ಕೈ ಚಾಚಿ ಮಕ್ಕಳಿಗೆ ಮಿಠಾಯಿ ಕೊಡುತ್ತಿದ್ದ. ಅವನ ಮನೆಯಲ್ಲೂ ಬಿಯೋರಾಳಷ್ಟೇ ದೊಡ್ಡ ತಂಗಿಯಿದ್ದಳಂತೆ.

ಬಿಯೋರಾ ಮಿಠಾಯಿಯನ್ನು ತಮ್ಮನ ಬಾಯಿಗೆ ಹಾಕಿ, ಸುತ್ತಿದ್ದ ಗಾಜಿನಂಥ ಕೆಂಪು ಕಾಗದವನ್ನು ತಾನಿಟ್ಟುಕೊಂಡಳು. ಅದನ್ನು ಕಣ್ಣಿಗೆ ಹಿಡಿದರೆ ಸಮುದ್ರ ಕೆಂಪಾಗುತ್ತಿತ್ತು, ದೋಣಿಗಳು ಕೆಂಡದ ಮೇಲೆ ತೇಲುತ್ತಿದ್ದವು, ಅಮ್ಮ ಸೂರ್ಯಾಸ್ತದೊಳಗೆ ಕೂತು ಗೆಣಸು ಸುಲಿಯುತ್ತಿದ್ದಳು. ದಿನವಿಡೀ ಆ ಕೆಂಪು ಲೋಕದಲ್ಲೇ ತಿರುಗಾಡಿ ಸಂಜೆ ಮನೆಗೆ ಬಂದಳು.

ನಮ್ಮಲ್ಲಿ ನೆಲ ತಾಯಿಯದು, ಬುದ್ಧಿಮಾತು ಸೋದರಮಾವನದು. ಅನುಗು ಮಾವ ಅವಳನ್ನು ಎದುರಿಗೆ ಕೂರಿಸಿಕೊಂಡ. ಬುದ್ಧಿ ಹೇಳುವುದರಲ್ಲಿ ಅವನನ್ನು ಮೀರಿಸುವವರು ಏಳು ದ್ವೀಪಗಳಲ್ಲಿ ಇರಲಿಲ್ಲ. ರೂಪದಲ್ಲೂ ಇರಲಿಲ್ಲ, ಆ ಮಾತು ಬೇರೆ.

“ತಗೊಂಡಿದ್ದಕ್ಕೆ ತಿರುಗಿ ಏನು ಕೊಟ್ಟೆ?” ಎಂದ.

“ಏನೂ ಇಲ್ಲ ಮಾವ.”

“ನಾಯಿ ತಗೊಂಡು ಸುಮ್ನಿರುತ್ತೆ. ನಮ್ಮ ಕುಲದೋರು ಇರಲ್ಲ. ಕೊಟ್ಟಿದ್ದಕ್ಕಿಂತ ಭಾರವಾದದ್ದು ತಿರುಗಿ ಕೊಡಬೇಕು. ಇಲ್ದಿದ್ರೆ ನಿನ್ನ ಹೆಸರು ಹಗುರಾಗುತ್ತೆ.”

ಹುಡುಗಿ ಆ ಮಾತನ್ನು ಗಂಟು ಕಟ್ಟಿಕೊಂಡಳು. ಬೆಳಗಾದ ಮೇಲೆ ಹಣೆಗೆ ಹೆಣಿಗೆ ಚೀಲದ ಪಟ್ಟಿ ಸಿಕ್ಕಿಸಿ, ಬೆನ್ನಿನ ಮೇಲೆ ಚೀಲದ ತುಂಬ ಗೆಣಸು ಹೊತ್ತು ಗಾಡಿಯ ಬಳಿ ಹೋದಳು. ತಮತಿ ಬೇಡವೆಂದ. ಹಸಿದ ಊರಿನ ಊಟ ಮುಟ್ಟಬಾರದೆಂದು ಅವರಿಗೆ ಅಪ್ಪಣೆಯಾಗಿತ್ತು. ಒಳ್ಳೆಯ ಅಪ್ಪಣೆಯೇ. ಆದರೆ ನಮ್ಮಲ್ಲಿ ಉಡುಗೊರೆಯನ್ನು ತಿರುಗಿಸಿದರೆ ಕೆನ್ನೆಗೆ ಹೊಡೆದಂತೆ ಎಂಬುದು ಅವನಿಗೇನು ಗೊತ್ತು? ಮೇಲಿಂದ ಇನ್ನೊಂದು ಮಿಠಾಯಿ ಕೊಟ್ಟ. ಪಾಪ, ಹುಡುಗಿಯ ಹೆಸರು ಇನ್ನಷ್ಟು ಹಗುರಾಯಿತು.

ಅಳುತ್ತ ತಿರುಗಿದವಳು ಒಂದು ವಿಷಯ ಕಂಡಳು. ತಮತಿ ಮರಳಿನಿಂದ ತುಕ್ಕು ಹಿಡಿದ ಬೆಲ್ಟಿನ ಕೊಂಡಿಯೊಂದನ್ನು ಹೆಕ್ಕಿ, ಒರೆಸಿ, ಮುದ್ದಿನಿಂದ ಜೇಬಿಗಿಟ್ಟುಕೊಂಡ. ತಾತಂದಿರ ಕಾಲದ ಮಹಾಯುದ್ಧದಲ್ಲಿ ಜಪಾನಿನವರೂ ಅಮೆರಿಕದವರೂ ಬಿಟ್ಟುಹೋದ ಕಬ್ಬಿಣ ನಮ್ಮ ದಂಡೆಯಲ್ಲಿ ಕಪ್ಪೆಚಿಪ್ಪಿನಷ್ಟೇ ಧಾರಾಳ. ಹಳದಿ ಅಣ್ಣನಿಗೆ ಗೆಣಸು ಬೇಡ, ಹಳೇ ಕಬ್ಬಿಣ ಬೇಕು ಎಂದು ಹುಡುಗಿ ಮನಸ್ಸಿನಲ್ಲೇ ತೀರ್ಮಾನಿಸಿದಳು.

ಮಕ್ಕಳು ಗಾಡಿಯ ಹಿಂದೆ ಓಡುವುದು ಕ್ಲೆಮೆನ್ಸಿಯಾಳಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಹಳದಿ ಅಂಗಿಯವರು ಒಳ್ಳೆಯವರೇ, ಆದರೆ ಅಂಗಿಯ ಬಣ್ಣ ನೋಡಿ ನಂಬುವ ಅಭ್ಯಾಸ ಮಕ್ಕಳಿಗೆ ಬೇಡ, ನಾಳೆ ಬೇರೆ ಬಣ್ಣದವರು ಬಂದರೆ ಏನು ಗತಿ ಎಂದು ತಮ್ಮನಲ್ಲಿ ಹೇಳಿದಳು. ತೋಟದ ಮೇಲ್ಗಡೆ ಮಣ್ಣು ಕುಸಿದು ಹಳೇ ಯುದ್ಧದ ಕಬ್ಬಿಣ ಮೂತಿ ತೋರಿಸುತ್ತಿದೆ, ಅದನ್ನೂ ಆ ಸೈನಿಕರಿಗೆ ತಿಳಿಸು ಎಂದಳು.

ಮಾವ ಅಡಿಕೆಗೆ ಸುಣ್ಣ ಹಚ್ಚುತ್ತ ನಕ್ಕ. “ಅಕ್ಕಾ, ನಮ್ಮಜ್ಜನ ಕಾಲದಿಂದ ಮಣ್ಣಲ್ಲಿ ಮಲಗಿರೋದು ಈಗ ಎದ್ದು ಕೂರುತ್ತಾ? ಅದು ಸತ್ತ ಕಬ್ಬಿಣ. ಬೇಕಾದ್ರೆ ನಾನು ತಲೆದಿಂಬು ಮಾಡ್ಕೊಂಡು ಮಲಗ್ತೀನಿ.”

“ಮಲಗಪ್ಪ. ನಿನ್ನ ತಲೆ ಹೋದ್ರೆ ಊರಿಗೆ ನಷ್ಟ ಇಲ್ಲ, ಬಾಯಿ ಹೋದ್ರೆ ಲಾಭ,” ಎಂದಳು ಅಕ್ಕ. “ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ ಕಣೋ, ಒಳಗಿನ ಮದ್ದಿಗೆ ಹಿಡಿಯಲ್ಲ. ಹಳತಾದಷ್ಟೂ ಅದಕ್ಕೆ ಮುಂಗೋಪ ಜಾಸ್ತಿ. ಆಚೆ ಊರಲ್ಲಿ ನೀರಲ್ಲಿ ಸಿಡಿಸಿ ಮೀನು ಹಿಡಿಯೋಕೆ ಅಂತ ಮದ್ದು ಕೆರೆದವನ ಕೈ ಎಲ್ಲಿ ಅಂತ ಹೋಗಿ ಕೇಳು.”

ಮಾವ ಕೇಳಲು ಹೋಗಲಿಲ್ಲ. ತಿಳಿಸಲೂ ಹೋಗಲಿಲ್ಲ. ನಾಳೆ ನೋಡೋಣವೆಂದ.

ಆ ನಾಳೆ ಮಂಜು ಬೆಟ್ಟದಿಂದ ಇಳಿದು ದಂಡೆಯವರೆಗೆ ಚಾಪೆ ಹಾಸಿತ್ತು. ಸಮುದ್ರ ಎಲ್ಲಿ ಮುಗಿದು ನೆಲ ಎಲ್ಲಿ ಶುರುವೆಂದು ಏಡಿಗಳಿಗೂ ತಿಳಿಯುತ್ತಿರಲಿಲ್ಲ. ಅನುಗು ಮಾವ ದೋಣಿಯ ಮಗ್ಗುಲಲ್ಲಿ ಕೂತು ಹುಟ್ಟು ಕೆತ್ತುತ್ತಿದ್ದ. ಅನತಿ ದೂರದಲ್ಲಿ ತಮತಿ ಗಾಡಿಗೊರಗಿ ಗಿಟಾರಿನ ತಂತಿ ಬಿಗಿಯುತ್ತಿದ್ದ. ಮಂಜಿನೊಳಗಿಂದ ಬಿಯೋರಾ ತೇಲಿಕೊಂಡು ಬಂದ ಹಾಗೆ ಬಂದಳು. ಕಣ್ಣಿಗೆ ಕೆಂಪು ಕಾಗದ ಹಿಡಿದಿದ್ದಳು, ತುಟಿಯಲ್ಲಿ ಸೈನಿಕರ ಹಾಡಿತ್ತು.

ಮಾವ ನೋಡಿದ್ದು ಅವಳ ಹಣೆಯನ್ನು. ಗೆಣಸಿನ ಭಾರಕ್ಕೆ ಪಟ್ಟಿ ಅಷ್ಟು ಆಳಕ್ಕಿಳಿಯುವುದಿಲ್ಲ. ಬೆನ್ನಿನ ಮೇಲೆ ಚೀಲದ ಹೆಣಿಗೆಯಿಂದ ತುಕ್ಕಿನ ಮೂತಿಯೊಂದು ಇಣುಕುತ್ತಿತ್ತು, ನಿದ್ದೆ ಹೋದ ಮಗುವಿನ ಹಾಗೆ. ಹಿಂದೆ ಊರಿನ ಮಕ್ಕಳೆಲ್ಲ ಮೆರವಣಿಗೆ ಬರುತ್ತಿದ್ದರು.

“ಹಳದಿ ಅಣ್ಣಾ, ನಿನಗೆ ತಂದೆ,” ಎಂದಳು.

ತಮತಿಯ ಮುಖದಿಂದ ನಗು ಇಳಿದುಹೋಯಿತು. ಅಂಗೈಯೆತ್ತಿ, ಬೇಡ, ಬೇಡ ಎಂದ. ಮತ್ತೆ ಬೇಡವೆಂದನಲ್ಲ ಎನಿಸಿತು ಹುಡುಗಿಗೆ. ಚೀಲವನ್ನು ಮುಂದಕ್ಕೆಳೆದು ಎದೆಗವುಚಿಕೊಂಡು, ಈ ಸಲ ಕೊಟ್ಟೇ ತೀರುತ್ತೇನೆಂದು ಅವನ ಕಡೆಗೆ ಓಡತೊಡಗಿದಳು.

ಆಗ ಅನುಗು ಮಾವ ಹಾರಿದ ನೋಡಿ. ದೋಣಿಯ ಮೇಲಿಂದ, ಗಾಡಿಯ ಮೇಲಿಂದ, ಆ ಎತ್ತರದ ತಮತಿಯ ತಲೆಯ ಮೇಲಿಂದ. ಗಾಳಿಯಲ್ಲಿದ್ದಾಗಲೇ ಚೀಲವನ್ನು ಎಡಗೈಗೆ ಕಿತ್ತುಕೊಂಡು, ಬೀಸಿ—

“ಮಾವ, ಸಾಕು.”

ಮಾತಾಡಿದ್ದು ಯಾರೆಂದು ನೀವೆಲ್ಲ ನೋಡಿದಿರಿ. ಮುಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಾಳಲ್ಲ, ಅವಳೇ ಬಿಯೋರಾ. “ಕಥೆ ಹೇಳಿದ ಪ್ರತಿ ಊರಲ್ಲೂ ಇನ್ನೊಂದು ಗಜ ಎತ್ತರಕ್ಕೆ ಹಾರ್ತೀಯ. ನಾಳೆ ಈ ಮಕ್ಕಳು ಕಬ್ಬಿಣ ಕಂಡಾಗ ನಿನ್ನ ಹಾಗೇ ಎತ್ತಿ ಎಸೆಯೋಕೆ ಹೋದ್ರೆ? ನಡೆದದ್ದು ಹೇಳು,” ಎನ್ನುತ್ತಿದ್ದಾಳೆ.

ಸಿಕ್ಕಿಬಿದ್ದೆ. ಅನುಗು ಎಂಬುವನು ನಾನೇ. ನಡೆದದ್ದು ಹೇಳುತ್ತೇನೆ.

ನಾನು ಹಾರಲಿಲ್ಲ. ಎದ್ದು ನಿಲ್ಲಲೂ ಆಗಲಿಲ್ಲ. ಉಳಿದದ್ದು ಈ ಬಾಯೊಂದೇ. ಅದರಿಂದಲೂ ಕೂಗು ಬರಲಿಲ್ಲ, ಅದೇ ಪುಣ್ಯ. ಕೂಗಿದ್ದರೆ ಅವಳು ಬೆಚ್ಚಿ ಕೈಬಿಡುತ್ತಿದ್ದಳು. ಕೊಡಬೇಕೆಂದು ಕಲಿಸಿದವನು ನಾನು. ಹೇಗೆ ಕೊಡಬೇಕೆಂಬುದೂ ನನ್ನಿಂದಲೇ ಬರಬೇಕಿತ್ತು.

“ಮಗಳೇ, ನಿಲ್ಲು,” ಎಂದೆ. “ದೊಡ್ಡ ಉಡುಗೊರೆನ ನಮ್ಮೋರು ಕೈಗೆ ಕೊಡ್ತಾರಾ?”

ನಿಂತಳು. ಯೋಚಿಸಿದಳು. “ಇಲ್ಲ ಮಾವ. ನೆಲಕ್ಕಿಡ್ತಾರೆ.”

“ಹೇಗೆ ಇಡ್ತಾರೆ?”

“ಮೆಲ್ಲಗೆ. ಇಟ್ಟು, ತಿರುಗಿ ನೋಡದೆ ಹೋಗ್ತಾರೆ.”

“ಹಾಗಾದ್ರೆ ಇಡು. ಮೊಟ್ಟೆ ಇಡೋ ಹಾಗೆ.”

ತಮತಿಗೆ ಮಾತು ಎಷ್ಟು ತಿಳಿಯಿತೋ ಏನೋ, ಮನಸ್ಸು ತಿಳಿಯಿತು. ಅವರ ಜನರಲ್ಲೂ ಹೀಗೇ ನೆಲಕ್ಕಿಟ್ಟು ಹಿಂದೆ ಸರಿಯುವ ಪದ್ಧತಿಯುಂಟಂತೆ. ಅವನು ಮರಳಿನ ಮೇಲೆ ಒಂದು ಮೊಣಕಾಲೂರಿ ತಲೆ ಬಾಗಿಸಿದ. “ತಗೊಂಡೆ, ಬಿಯೋರಾ. ತುಂಬ ಭಾರದ ಉಡುಗೊರೆ. ಅಲ್ಲೇ ಇರಲಿ, ಈಗ ಅದು ನಂದು. ನೀನು ಮಾವನ ಹತ್ರ ನಡಿ,” ಎಂದ.

ಹುಡುಗಿ ಬಗ್ಗಿ, ಚೀಲದ ಸಮೇತ ಅದನ್ನು ಮರಳಿಗೆ ಇಟ್ಟಳು. ಬಂದ ಹೆಜ್ಜೆಯ ಗುರುತಿನ ಮೇಲೆ ಹೆಜ್ಜೆಯಿಟ್ಟು, ಹಿಂದೆ ನೋಡದೆ ಬಂದಳು. ಹಣೆಯ ಮೇಲೆ ಪಟ್ಟಿಯ ಗೆರೆ ಹಾಗೇ ಇತ್ತು. ನನ್ನ ಪಕ್ಕ ಕೂತು, “ನನ್ನ ಹೆಸರು ಭಾರ ಆಯ್ತಾ ಮಾವ?” ಎಂದು ಕೇಳಿದಳು. ನಾನು ಹೆಬ್ಬೆರಳಿನಿಂದ ಆ ಗೆರೆಯನ್ನು ಮೆಲ್ಲಗೆ ಉಜ್ಜಿದೆ.

ಆಮೇಲೆ ತಮತಿ ಎಲ್ಲರನ್ನೂ ಚರ್ಚಿನ ಆಚೆಗೆ ಕಳಿಸಿದ. ಮದ್ದಿನ ಕೆಲಸ ಬಲ್ಲವರು ಹಡಗಿನಿಂದ ಬಂದು, ತೋಟದ ಮೇಲ್ಗಡೆಯನ್ನೂ ಹುಡುಕಿ, ಬಿಯೋರಾ ಇಟ್ಟದ್ದನ್ನು ಇದ್ದಲ್ಲೇ ಸಿಡಿಸಿದರು. ಸತ್ತ ಕಬ್ಬಿಣವೆಂದು ನಾನಂದದ್ದು ತೆಂಗಿನ ಗರಿಗಳನ್ನೆಲ್ಲ ನಡುಗಿಸಿತು. ದಂಡೆಯಲ್ಲಿ ಗುಂಡಿ ಬಿದ್ದಿದೆ. ಭರತ ಬಂದಾಗ ಅದರಲ್ಲಿ ನೀರು ನಿಲ್ಲುತ್ತದೆ, ಮಕ್ಕಳು ತೆಂಗಿನ ಸಿಪ್ಪೆಯ ದೋಣಿ ಬಿಡುತ್ತಾರೆ. ತೂತಾಗಿದ್ದು ಅಲ್ಲಿ, ಮೋಡದಲ್ಲಲ್ಲ. ಮಳೆ ನಮ್ಮಜ್ಜಿಯ ಕಾಲದಿಂದಲೂ ಬರುತ್ತಿತ್ತು.

ಅಂದು ಸಂಜೆ ತಮತಿ ಅಕ್ಕನ ಮನೆಗೆ ಬಂದ. ತನ್ನ ತಪ್ಪು ಅವನಿಗೆ ತಿಳಿದಿತ್ತು. ಇನ್ನು ಮೇಲೆ ಕಿಟಕಿಯಿಂದ ಮಿಠಾಯಿ ಇಲ್ಲ, ಮಕ್ಕಳ ಮುಂದೆ ಹಳೇ ಕಬ್ಬಿಣ ಹೆಕ್ಕುವುದಿಲ್ಲ, ಕೊಡುವುದಿದ್ದರೆ ತಾಯಂದಿರ ಸಂಘದ ಕೈಗೆ ಕೊಡುತ್ತೇವೆ ಎಂದ. ಅಕ್ಕ ಕೇಳಿ, ತಲೆಯಾಡಿಸಿ, ಬೇಯಿಸಿದ ಗೆಣಸು ತಂದಿಟ್ಟಳು. “ಇದನ್ನೂ ಬೇಡ ಅಂತೀಯಾ?” ಎಂದಳು. ಅವನು ಸಿಪ್ಪೆ ಸಮೇತ ತಿಂದ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳಿಗೆ ಇಂದೇ ಹೇಳಿ. ಸೈನಿಕನ ಮಿಠಾಯಿಗೆ ಮಗು ಏನನ್ನೂ ತಿರುಗಿಸಿ ಕೊಡಬೇಕಿಲ್ಲ, ಆ ಲೆಕ್ಕ ದೊಡ್ಡವರದು. ಗಾಡಿಯ ಹಿಂದೆ ಓಡಬಾರದು, ಸೈನಿಕ ಎಷ್ಟೇ ಒಳ್ಳೆಯವನಾದರೂ ಅವನ ಬಳಿಗೆ ಒಬ್ಬರೇ ಹೋಗಬಾರದು. ತುಕ್ಕು ಹಿಡಿದದ್ದು ಕಂಡರೆ ಮುಟ್ಟಬೇಡಿ, ಒದೆಯಬೇಡಿ, ಕಲ್ಲೆಸೆಯಬೇಡಿ. ಬಂದ ದಾರಿಯಲ್ಲೇ ಹಿಂದಿರುಗಿ ದೊಡ್ಡವರಿಗೆ ಹೇಳಿ. ದೊಡ್ಡವರೇ, ನಾಳೆ ನೋಡೋಣ ಎನ್ನಬೇಡಿ. ಮಗುವಿನ ಕೈಗೆ ಬಂದೇಬಿಟ್ಟಿದ್ದರೆ ಕೂಗಬೇಡಿ, ಬೈಯಬೇಡಿ. ಮೆಲ್ಲಗೆ ಇಡಿಸಿ, ದೂರ ಕರೆಯಿರಿ.

ಎತ್ತಿ ಎಸೆದವನ ಕಥೆಯನ್ನು ಬೇರೆಯವರು ಹೇಳಬೇಕಾಗುತ್ತದೆ. ನನ್ನ ಕಥೆಯನ್ನು ನಾನೇ ಹೇಳುತ್ತಿದ್ದೇನೆ, ಬಿಯೋರಾ ಕೂತು ತಿದ್ದುತ್ತಿದ್ದಾಳೆ. ಯಾಕೆಂದರೆ ನಾನು ಎಸೆಯಲಿಲ್ಲ.